ವೋಟ್ ಬ್ಯಾಂಕ್ ಅಂದವರು ಎಂ.ಎನ್. ಶ್ರೀನಿವಾಸ್, ಅರ್ಥ ಕೆಡಿಸಿದವರು ನಾವು

ಮೊದಲೇ ಒಂದು ತಪ್ಪೊಪ್ಪಿಗೆ. 2018ರ ವಿಧಾನಸಭಾ ಚುನಾವಣೆಗೆ ಮುಂಚೆ ನಾನು ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಸರ್ವೆ ಫಾರ್ಮ್ ಹಿಡಿದು ಓಡಾಡಿದ್ದೆ. ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಲ್ಲಿ ಒಂದಷ್ಟು ಕಾಲ ಕೋಡ್ ಬರೆದು, ಸಾಕಾಗಿ ಪತ್ರಿಕೋದ್ಯಮಕ್ಕೆ ಬಂದ ಹೊಸತು. ಯಾವುದೋ ಒಂದು ಸಂಸ್ಥೆಗೆ ಜನಾಭಿಪ್ರಾಯ ಸಂಗ್ರಹಿಸುವವರು ಬೇಕಿತ್ತು, ನನಗೆ ದುಡ್ಡು ಬೇಕಿತ್ತು. ದಿನಕ್ಕೆ ಇಪ್ಪತ್ತೈದು ಫಾರ್ಮ್. ಮನೆ ಮನೆಗೆ ಹೋಗಿ ತುಂಬಿಸಬೇಕು ಅನ್ನೋದು ನಿಯಮ.

ಏಪ್ರಿಲ್ ಬಿಸಿಲು. ಒಂದು ಊರಲ್ಲಿ ಪಂಚಾಯ್ತಿಯ ಮಾಜಿ ಸದಸ್ಯರೊಬ್ಬರು ಕರೆದು ಜಗುಲಿ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಸುಮ್ನೆ ಯಾಕೆ ಅಲೀತೀರಿ, ಎಲ್ಲರನ್ನೂ ಇಲ್ಲಿಗೇ ಕರೆಸ್ತೀನಿ ಅಂದರು. ಕರೆಸಿದರು ಕೂಡ. ಒಬ್ಬೊಬ್ಬರಾಗಿ ಬಂದು ಜಗುಲಿಯ ಅಂಚಿಗೆ ನಿಂತರು, ಕೆಲವರು ಅಂಗಳದಲ್ಲೇ ನಿಂತರು. ಅವರ ಜಾತಿ, ವಯಸ್ಸು, ಕಸುಬು ಬರೆದುಕೊಂಡೆ, ಈ ಸಲ ಯಾರಿಗೆ ವೋಟು ಅಂತ ಕೇಳಿದೆ. ಮಾಜಿ ಸದಸ್ಯರು ಎಲೆ ಅಡಿಕೆ ಹಾಕ್ಕೊಂಡು ಪಕ್ಕದಲ್ಲೇ ಕೂತಿದ್ದರು. ಎರಡು ಗಂಟೆಯಲ್ಲಿ ಇಪ್ಪತ್ತೈದೂ ಮುಗೀತು. ಹತ್ತಿರಹತ್ತಿರ ಎಲ್ಲರದ್ದೂ ಒಂದೇ ಉತ್ತರ.

ರಾತ್ರಿ ಲಾಡ್ಜಿನಲ್ಲಿ ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್‌ಗೆ ಹಾಕಿದಾಗ ನನಗೆ ಖುಷಿಯೋ ಖುಷಿ. ಬಂದವರಲ್ಲಿ ಹೆಚ್ಚಿನವರು ಒಂದೇ ಸಮುದಾಯದವರು, ಉತ್ತರವೂ ಒಂದೇ. ಒಂದು ಕಾಲಂ ನೋಡಿದರೆ ಇನ್ನೊಂದು ಕಾಲಂ ಹೇಳಬಹುದಿತ್ತು. ಈ ಸಮುದಾಯ ಆ ಪಕ್ಷದ ವೋಟ್ ಬ್ಯಾಂಕ್ ಅಂತ ಷರಾ ಬರೆದು ಕಳಿಸಿಬಿಟ್ಟೆ.

ಆ ಪದವನ್ನು ಮೊದಲು ಬಳಸಿದ ಮನುಷ್ಯ ನಾನು ಕೂತಿದ್ದಂಥದ್ದೇ ಒಂದು ಜಗುಲಿ ಮೇಲೆ, ಅದೇ ತಿ. ನರಸೀಪುರ ತಾಲ್ಲೂಕಿನಲ್ಲಿ, ಎಪ್ಪತ್ತು ವರ್ಷದ ಹಿಂದೆ ಕೂತಿದ್ದರು ಅನ್ನೋದು ಗೊತ್ತಾಗಿದ್ದು ಆಮೇಲೆ. ಮತ್ತು ಅವರು ಆ ಪದದಿಂದ ಹೇಳಿದ್ದು ನಾನು ಬರೆದ ಷರಾಕ್ಕೆ ಹೆಚ್ಚುಕಡಿಮೆ ಉಲ್ಟಾ.

ಮೈಸೂರು ನರಸಿಂಹಾಚಾರ್ ಶ್ರೀನಿವಾಸ್ ಹುಟ್ಟಿದ್ದು 1916ರ ನವೆಂಬರ್ 16ರಂದು, ಮೈಸೂರಿನಲ್ಲಿ. ಅಯ್ಯಂಗಾರ್ ಕುಟುಂಬ. ತಂದೆ ವಿದ್ಯುತ್ ಇಲಾಖೆಯ ನೌಕರರು. ಮಕ್ಕಳು ಓದಲಿ ಅಂತ ಹಳ್ಳಿ ಬಿಟ್ಟು ಪೇಟೆ ಸೇರಿದ ತಲೆಮಾರಿನವರು. ಮನೆ ಇದ್ದದ್ದು ಕಾಲೇಜ್ ರೋಡಿನಲ್ಲಿ. ಮನೆಯ ಹಿಂದೆ ಬಂಡಿಕೇರಿ, ಕುರುಬರ ಬೀದಿ. ಮುಂಬಾಗಿಲಿನ ಕಡೆ ಓದು, ಮಡಿ, ಇಂಗ್ಲಿಷು. ಹಿಂದೆ ಕುರಿ, ಕಂಬಳಿ, ಜಗಳ, ಇನ್ನೊಂದೇ ಬಗೆಯ ಊಟ ಮತ್ತು ಮಾತು. ತಾವು ಕಂಡ ಮೊದಲ ಪರದೇಶ ಅದೇ ಅನ್ನುವ ಅರ್ಥದಲ್ಲಿ ಶ್ರೀನಿವಾಸ್ ಮುಂದೆ ಬಂಡಿಕೇರಿಯ ಬಗ್ಗೆ ಬರೆದರು. ಆಕ್ಸ್‌ಫರ್ಡು ಆಮೇಲಿನದು.

1934ರಲ್ಲಿ ತಂದೆ ತೀರಿಕೊಂಡರು. 1936ರಲ್ಲಿ ಮಹಾರಾಜ ಕಾಲೇಜಿನಿಂದ ಸೋಷಿಯಲ್ ಫಿಲಾಸಫಿಯಲ್ಲಿ ಆನರ್ಸ್ ಮುಗಿಸಿ ಬೊಂಬಾಯಿಗೆ ಹೋದರು, ಜಿ.ಎಸ್. ಘುರ್ಯೆ ಹತ್ತಿರ. ಮೈಸೂರು ಸೀಮೆಯ ಮದುವೆ, ಕುಟುಂಬದ ಬಗ್ಗೆ ಬರೆದ ಎಂ.ಎ. ಪ್ರಬಂಧ 1942ರಲ್ಲಿ ಪುಸ್ತಕವಾಯಿತು. ಆಮೇಲೆ ಕೊಡಗು. ಕೊಡವರ ಬಗ್ಗೆ ಮೊದಲು ಬೊಂಬಾಯಿಯಲ್ಲಿ, ನಂತರ 1945ರಿಂದ ಆಕ್ಸ್‌ಫರ್ಡಿನಲ್ಲಿ ರ್‍ಯಾಡ್‌ಕ್ಲಿಫ್-ಬ್ರೌನ್, ಇವಾನ್ಸ್-ಪ್ರಿಚರ್ಡ್ ಅವರ ಕೈಕೆಳಗೆ ಬರೆದರು. 1952ರಲ್ಲಿ ಬಂದ ಆ ಪುಸ್ತಕದಿಂದಲೇ ಸಂಸ್ಕೃತೀಕರಣ ಅನ್ನುವ ಪದ ಹೊರಟಿದ್ದು. ಆ ಪದದ ಮೇಲಿನ ಜಗಳ ಇನ್ನೂ ಮುಗಿದಿಲ್ಲ. ಕೆಳಗಿನವರು ಮೇಲಿನವರನ್ನು ಅನುಕರಿಸಿ ಮೇಲೇರುತ್ತಾರೆ ಅನ್ನುವ ಚಿತ್ರದಲ್ಲಿ ಪ್ರತಿಭಟನೆ ಎಲ್ಲಿದೆ ಅಂತ ದಲಿತ ಚಿಂತಕರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಅದು ಬೇರೆ ಲೇಖನ.

ಆಕ್ಸ್‌ಫರ್ಡ್ ಅವರಿಗೆ ಅಧ್ಯಾಪಕ ಹುದ್ದೆ ಕೊಟ್ಟು, ಮೊದಲ ವರ್ಷ ಊರಿಗೆ ಹೋಗಿ ಒಂದು ಹಳ್ಳಿಯಲ್ಲಿ ಇದ್ದು ಬರಲು ಬಿಟ್ಟಿತು. 1948ರಲ್ಲಿ ಅವರು ಬಂದಿಳಿದದ್ದು ಬನ್ನೂರು ಕಡೆಯ ಕೊಡಗಹಳ್ಳಿಯಲ್ಲಿ. ಪುಸ್ತಕಗಳಲ್ಲಿ ಆ ಊರಿಗೆ ರಾಂಪುರ ಅಂತ ಬೇರೆ ಹೆಸರು ಕೊಟ್ಟರು. ಪ್ರಪಂಚದ ಯಾವ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗಕ್ಕೆ ಹೋದರೂ ರಾಂಪುರ ಗೊತ್ತು, ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಕೊಡಗಹಳ್ಳಿ ಬಸ್ಸು ತೋರಿಸ್ತಾರೆ, ಅಷ್ಟೇ.

ಊರನ್ನು ಆರಿಸಿಕೊಂಡ ರೀತಿ ನೋಡಿ. ಹಲವು ಜಾತಿಗಳಿರುವ ಊರು ಬೇಕಿತ್ತು, ಅದು ಸರಿ. ಉಳಿದಂತೆ, ತಮ್ಮ ಹಿರಿಯರ ಊರು ಆ ಸೀಮೆಯಲ್ಲೇ ಇತ್ತು, ನಾಲೆ ನೀರಿನ ಗದ್ದೆಗಳು ಕಣ್ಣಿಗೆ ಚೆಂದ ಕಂಡವು. ಆಯ್ಕೆಯಲ್ಲಿ ವಿಜ್ಞಾನ ಕಡಿಮೆ, ಮೋಹ ಜಾಸ್ತಿ ಅನ್ನೋದನ್ನು ಅವರೇ ಒಪ್ಪಿಕೊಂಡಿದ್ದಾರೆ. ಸ್ಟ್ಯಾಟಿಸ್ಟಿಕ್ಸ್ ಓದಿದವರು ಇದನ್ನು ಅನುಕೂಲದ ಸ್ಯಾಂಪಲ್ ಅಂತಾರೆ. ನನ್ನ ಜಗುಲಿಯೂ ಅದೇ. ವ್ಯತ್ಯಾಸ ಏನಂದ್ರೆ ಅವರು ಅದನ್ನು ಬರೆದಿಟ್ಟರು, ನಾನು ಮುಚ್ಚಿಟ್ಟೆ.

ಅವರಿಗೆ ಉಳಿಯಲು ಸಿಕ್ಕಿದ್ದು ಊರ ಪಟೇಲರ ಎತ್ತಿನ ಮನೆ. ಜೊತೆಗೆ ಮೈಸೂರಿನಿಂದ ಕರೆತಂದ ಬ್ರಾಹ್ಮಣ ಅಡಿಗೆಯವ. ಊರಲ್ಲಿ ಸುಮಾರು ಒಂದೂವರೆ ಸಾವಿರ ಜನ, ಹತ್ತೊಂಬತ್ತು ಹಿಂದೂ ಜಾತಿ, ಜೊತೆಗೆ ಮುಸ್ಲಿಮರು. ಹತ್ತಿರಹತ್ತಿರ ಅರ್ಧ ಜನ ಒಕ್ಕಲಿಗರು, ಹೆಚ್ಚಿನ ಜಮೀನೂ ಅವರದೇ. ಊರವರಿಗೆ ಈತ ಸಂಶೋಧಕ ಅನ್ನೋದಕ್ಕಿಂತ ಅಯ್ಯಂಗಾರರ ಹುಡುಗ ಅನ್ನೋದು ಮುಖ್ಯ. ಸ್ನಾನ ಆದ ಮೇಲೆ ಕ್ಷೌರ ಮಾಡಿಕೊಂಡರೆ ಹಿರಿಯರು ಆಕ್ಷೇಪಿಸುತ್ತಿದ್ದರು; ಬ್ರಾಹ್ಮಣನಾದವನು ಮೊದಲು ಕ್ಷೌರ, ಆಮೇಲೆ ಸ್ನಾನ ಮಾಡಬೇಕು. ಹಳ್ಳಿಯನ್ನು ಗಮನಿಸಲು ಬಂದವರನ್ನು ಹಳ್ಳಿಯೇ ಗಮನಿಸುತ್ತಿತ್ತು.

1948ರ ಆ ಹತ್ತು ತಿಂಗಳು, ಮತ್ತೆ 1952ರ ಬೇಸಿಗೆ. ಈ ಎರಡು ಭೇಟಿಗಳ ನಡುವೆ ಏನಾಯ್ತು ಗೊತ್ತಲ್ಲ: ಸಂವಿಧಾನ ಬಂತು, ವಯಸ್ಕ ಮತದಾನ ಬಂತು, ಮೊದಲ ಮಹಾಚುನಾವಣೆ ಮುಗೀತು. 1948ರಲ್ಲಿ ಪಟೇಲರ ಕೈಯಲ್ಲಿ ಜಮೀನಿತ್ತು, ಸಾಲದ ಲೆಕ್ಕ ಇತ್ತು, ನ್ಯಾಯ ತೀರ್ಮಾನ ಇತ್ತು. 1952ರ ಹೊತ್ತಿಗೆ ಅದರ ಜೊತೆಗೆ ಇನ್ನೊಂದು ಸೇರಿತು, ಮಂತ್ರಿಗಳಿಗೆ ಬೇಕಾದ ವೋಟು.

ಶ್ರೀನಿವಾಸ್ ಕಂಡಿದ್ದು ಇದು. ಹಳ್ಳಿಯಲ್ಲಿ ಒಬ್ಬ ದೊಡ್ಡ ಮನುಷ್ಯನ ಸುತ್ತ ಗೇಣಿದಾರರು, ಜೀತದಾಳುಗಳು, ಸಾಲ ತೆಗೆದುಕೊಂಡವರು ಇರುತ್ತಾರೆ. ಅವರೆಲ್ಲ ಒಂದೇ ಜಾತಿಯವರಲ್ಲ. ಒಕ್ಕಲಿಗ ಗೇಣಿದಾರ ಇರಬಹುದು, ಹೊಲೆಯರ ಜೀತದಾಳು ಇರಬಹುದು, ಕುರುಬ ಸಾಲಗಾರ ಇರಬಹುದು. ಜಮೀನು ಮತ್ತು ಸಾಲದ ಹಗ್ಗ ಅವರನ್ನು ಆ ಧಣಿಗೆ ಕಟ್ಟಿದೆ. ಚುನಾವಣೆ ಬಂದಾಗ ಪಕ್ಷಗಳು ಆ ಒಬ್ಬನ ಹತ್ತಿರ ಹೋದರೆ ಸಾಕು, ಅವನು ಮೂವತ್ತೋ ಐವತ್ತೋ ವೋಟು ಕೊಡಿಸಬಲ್ಲ. 1955ರಲ್ಲಿ ಪ್ರಕಟವಾದ, ಮೈಸೂರಿನ ಹಳ್ಳಿಯೊಂದರ ಸಾಮಾಜಿಕ ವ್ಯವಸ್ಥೆಯ ಬಗೆಗಿನ ಪ್ರಬಂಧದಲ್ಲಿ ಅವರು ಇದಕ್ಕೆ ಇಟ್ಟ ಹೆಸರು ವೋಟ್ ಬ್ಯಾಂಕ್. ಬ್ಯಾಂಕು ಅಂದರೆ ಅಲ್ಲಿ ಧಣಿ. ಖಾತೆ ಅವನ ಕೈಯಲ್ಲಿ. ನಂತರ ಒಡಿಶಾದಲ್ಲಿ ಅಧ್ಯಯನ ಮಾಡಿದ ಎಫ್.ಜಿ. ಬೈಲಿ ಅದೇ ಪದವನ್ನು ಜಾತಿಯ ಮುಖಂಡನ ಪ್ರಭಾವಕ್ಕೆ ಬಳಸಿದರು. ಅಲ್ಲಿಂದ ಜಾರುತ್ತಾ ಜಾರುತ್ತಾ ಪದ ಇಂದಿನ ಅರ್ಥಕ್ಕೆ ಬಂದು ನಿಂತಿದೆ: ಒಂದಿಡೀ ಸಮುದಾಯ, ಸಾಮಾನ್ಯವಾಗಿ ನಮಗೆ ಆಗದ ಸಮುದಾಯ, ಬುದ್ಧಿ ಅಡವಿಟ್ಟು ಒಟ್ಟಿಗೆ ಓಟು ಹಾಕುತ್ತದೆ ಅನ್ನುವ ಬೈಗುಳ. ಧಣಿ ಕಾಣೆಯಾದ, ಸಾಲಗಾರನ ಜಾತಿ ಉಳೀತು.

ಈ ವ್ಯತ್ಯಾಸ ಬರೀ ಮಾತಿನದಲ್ಲ, ಲೆಕ್ಕದ್ದು. ವಿ.ಟಿ.ಯು.ನಲ್ಲಿ ಓದಿದವರಿಗೆ ಎಂ4 ಪೇಪರ್ ನೆನಪಿರಬಹುದು. ಷರತ್ತುಬದ್ಧ ಸಂಭವನೀಯತೆ, ಅಂದರೆ ಕಂಡಿಷನಲ್ ಪ್ರಾಬಬಿಲಿಟಿ. ನಾವು ದಾಳ, ಕೆಂಪು ಚೆಂಡು, ನೀಲಿ ಚೆಂಡು ಅಂತ ಬಾಯಿಪಾಠ ಹೊಡೆದು ಪಾಸಾದೆವು. ವಿಷಯ ಸರಳ: ಒಂದು ಗೊತ್ತಾದ ಮೇಲೆ ಇನ್ನೊಂದರ ಸಂಭವ ಎಷ್ಟು? ಮೊದಲನೆಯದು ಗೊತ್ತಾಗಿಯೂ ಎರಡನೆಯದರ ಸಂಭವ ಸ್ವಲ್ಪವೂ ಬದಲಾಗದಿದ್ದರೆ ಅವೆರಡೂ ಪರಸ್ಪರ ಸ್ವತಂತ್ರ.

ಒಂದು ಲೆಕ್ಕ ಹಾಕೋಣ. ಇದು ಯಾವ ಸರ್ವೆಯದೂ ಅಲ್ಲ, ನಾನೇ ಕೂತು ಕಟ್ಟಿದ ಅಂಕಿಗಳು. ಇವನ್ನು ಸ್ಕ್ರೀನ್‌ಶಾಟ್ ಮಾಡಿ ವಾಟ್ಸ್ಆ್ಯಪಿಗೆ ಬಿಡಬೇಡಿ. ನಂಜನಗೂಡಿನಲ್ಲಿ 100 ಜನ, ತಿ. ನರಸೀಪುರದಲ್ಲಿ 100 ಜನ. ಪ್ರಶ್ನೆ: ನಾಲೆ ನೀರಿನ ಬಗ್ಗೆ ನಿಮಗೆ ಸಮಾಧಾನ ಇದೆಯಾ? ಎರಡು ಸಮುದಾಯ, ಅವಕ್ಕೆ ಬಿಳಿ ಚೀಟಿ, ಹಳದಿ ಚೀಟಿ ಅನ್ನೋಣ. ಜಾತಿ ಹೆಸರು ಬರೆದ ತಕ್ಷಣ ನೀವು ಲೆಕ್ಕ ಬಿಟ್ಟು ಪಕ್ಷ ಹುಡುಕ್ತೀರಿ, ಅದಕ್ಕೇ ಬರೆಯಲಿಲ್ಲ.

ನಂಜನಗೂಡಿನ ನೂರರಲ್ಲಿ ಬಿಳಿ 80, ಹಳದಿ 20. ಸಮಾಧಾನ ಇದೆ ಅಂದವರು ಬಿಳಿಯವರಲ್ಲಿ 24, ಹಳದಿಯವರಲ್ಲಿ 6, ಒಟ್ಟು 30. 80ರಲ್ಲಿ 24 ಅಂದರೆ ಶೇ. 30. 20ರಲ್ಲಿ 6 ಅಂದರೂ ಶೇ. 30. ಅಂದರೆ ಇಲ್ಲಿ ನಿಮ್ಮ ಚೀಟಿಯ ಬಣ್ಣ ತಿಳಿದರೂ ನಿಮ್ಮ ಸಮಾಧಾನದ ಬಗ್ಗೆ ನನಗೆ ಹೊಸದೇನೂ ತಿಳಿಯಲ್ಲ. ಎರಡೂ ಸ್ವತಂತ್ರ. ಇನ್ನೊಂದು ದಾರಿಯಲ್ಲೂ ಪರೀಕ್ಷೆ ಮಾಡಬಹುದು: ಬಿಳಿ 0.8, ಸಮಾಧಾನ 0.3, ಗುಣಿಸಿದರೆ 0.24. ಟೇಬಲ್ಲಿನಲ್ಲೂ 24. ಸರಿಹೋಯ್ತು.

ತಿ. ನರಸೀಪುರದಲ್ಲಿ ಬಿಳಿ 20, ಹಳದಿ 80. ಸಮಾಧಾನ ಬಿಳಿಯವರಲ್ಲಿ 12, ಹಳದಿಯವರಲ್ಲಿ 48. ಎರಡೂ ಶೇ. 60. ಇಲ್ಲೂ ಸ್ವತಂತ್ರ.

ಈಗ ಟಿವಿಯವರು ಮಾಡುವ ಹಾಗೆ ಎರಡೂ ತಾಲ್ಲೂಕು ಒಟ್ಟಿಗೆ ಹಾಕಿ. ಬಿಳಿ 100 ಜನರಲ್ಲಿ 36, ಹಳದಿ 100 ಜನರಲ್ಲಿ 54. ಇನ್ನೂರರಲ್ಲಿ ಸಮಾಧಾನ ಇರುವವರು 90. ಸಂಬಂಧವೇ ಇಲ್ಲದಿದ್ದರೆ ಬಿಳಿಯವರಲ್ಲಿ 45 ಜನ ಇರಬೇಕಿತ್ತು, ಇರೋದು 36. ಹೆಡ್‌ಲೈನ್ ರೆಡಿ: ಬಿಳಿ ಸಮುದಾಯದಲ್ಲಿ ಅಸಮಾಧಾನದ ಹೊಗೆ. ಆದರೆ ಅಸಮಾಧಾನ ಚೀಟಿಯದ್ದಲ್ಲ, ನೀರಿನದು. ಯಾವ ತಾಲ್ಲೂಕು ಅಂತ ಗೊತ್ತಾದ ಮೇಲೆ ಬಣ್ಣ ಏನನ್ನೂ ಹೇಳುತ್ತಿರಲಿಲ್ಲ. ತಾಲ್ಲೂಕಿನ ಕಾಲಂ ಅಳಿಸಿದ್ದೇ ತಡ, ನೀರಿನ ದೂರು ಜಾತಿಯ ದೂರಾಗಿ ಕಾಣಿಸಿಕೊಂಡಿತು. ವಾಸ್ತವದಲ್ಲಿ ಹುಲ್ಲಹಳ್ಳಿ ನಾಲೆ, ಮಾಧವಮಂತ್ರಿ ನಾಲೆ, ವರುಣಾ ನಾಲೆ ಅಂತ ಒಂದೊಂದರ ಕಥೆಯೂ ಬೇರೆ, ಒಂದೇ ನಾಲೆಯಲ್ಲೂ ತೂಬಿನ ಪಕ್ಕದ ಗದ್ದೆಯವನ ಮಾತು ಬೇರೆ, ಕೊನೇ ಭಾಗದ ಗದ್ದೆಯವನ ಮಾತು ಬೇರೆ. ಆ ಕಾಲಂ ಎಷ್ಟು ಸರ್ವೆಗಳಲ್ಲಿ ಇರುತ್ತೆ?

ಇನ್ನೊಂದು ಮೋಸ ಇದೇ ಟೇಬಲ್ಲಿನಲ್ಲಿದೆ. ಹಳದಿಯವರಲ್ಲಿ ಸಮಾಧಾನ ಇರುವವರು ಶೇ. 54. ಸಮಾಧಾನ ಇರುವವರಲ್ಲಿ ಹಳದಿಯವರು 90ಕ್ಕೆ 54, ಅಂದರೆ ಶೇ. 60. ಮೇಲಿನ ಸಂಖ್ಯೆ ಎರಡರಲ್ಲೂ 54, ಛೇದ ಬೇರೆ. ಆ ಪಕ್ಷದ ಮತದಾರರಲ್ಲಿ ಇಷ್ಟು ಪಾಲು ಈ ಸಮುದಾಯ ಅನ್ನೋದೂ, ಈ ಸಮುದಾಯದಲ್ಲಿ ಇಷ್ಟು ಪಾಲು ಆ ಪಕ್ಷಕ್ಕೆ ಅನ್ನೋದೂ ಒಂದೇ ಮಾತಲ್ಲ. ಇಲ್ಲಿ ಅಂತರ ಸಣ್ಣದು, ಸಮುದಾಯ ಚಿಕ್ಕದಾದರೆ ಅಂತರ ಭಯಂಕರವಾಗಿರುತ್ತೆ. 2015ರ ಜಾತಿ ಸಮೀಕ್ಷೆಯ ಸುತ್ತ, 2025ರ ಮರುಸಮೀಕ್ಷೆಯ ಸುತ್ತ ನಡೆದ ಚರ್ಚೆಗಳನ್ನು ಈ ಕಿವಿ ಇಟ್ಟುಕೊಂಡು ಮತ್ತೊಮ್ಮೆ ಕೇಳಿ. ಛೇದ ಅದಲುಬದಲಾಗದ ಚರ್ಚೆ ಸಿಕ್ಕರೆ ನನಗೂ ಲಿಂಕ್ ಕಳಿಸಿ.

ನಿಜವಾದ ಸರ್ವೆಯಲ್ಲಿ ಅಂಕಿಗಳು ಇಷ್ಟು ಸಲೀಸಾಗಿ ಹೊಂದಿಕೊಳ್ಳಲ್ಲ ಅನ್ನೋದನ್ನೂ ಸೇರಿಸ್ತೀನಿ. ನೂರು ಜನರನ್ನು ಸರಿಯಾಗಿ ಚೀಟಿ ಎತ್ತಿ ಆರಿಸಿದರೂ ಶೇಕಡಾವಾರು ಲೆಕ್ಕದಲ್ಲಿ ಹತ್ತು ಅಂಶ ಆಚೆ ಈಚೆ ಆಗೋದು ಸಹಜ. 24 ಇರಬೇಕಾದಲ್ಲಿ 21 ಬಂದರೆ ಕ್ರಾಂತಿ ಆಗಿಲ್ಲ.

ಶ್ರೀನಿವಾಸ್ ಈ ಭಾಷೆಯಲ್ಲಿ ಮಾತಾಡಿದವರಲ್ಲ. ಸಂಖ್ಯೆಗಳ ಬಗ್ಗೆ, ಅದರಲ್ಲೂ ಪ್ರಶ್ನಾವಳಿ ಹಿಡಿದು ಒಂದು ದಿನ ಬಂದು ಹೋಗುವ ಸಂಶೋಧನೆಯ ಬಗ್ಗೆ ಅವರಿಗೆ ಗುಮಾನಿಯೇ ಜಾಸ್ತಿ. ಆದರೆ ಅವರ ವೋಟ್ ಬ್ಯಾಂಕನ್ನು ನನ್ನ ಭಾಷೆಗೆ ತಂದರೆ ಹೀಗೆ: ಧಣಿ ಯಾರು ಅಂತ ಗೊತ್ತಾದ ಮೇಲೆ ಜಾತಿಯ ಕಾಲಂ ಓಟಿನ ಬಗ್ಗೆ ಹೆಚ್ಚೇನೂ ಹೇಳಲ್ಲ. ನನ್ನ ಟೇಬಲ್ಲಿನಲ್ಲಿ ತಾಲ್ಲೂಕು ಇದ್ದ ಜಾಗದಲ್ಲಿ ಅವರು ಧಣಿಯನ್ನು ಇಟ್ಟರು. ಜೊತೆಗೆ ಅದಕ್ಕಿಂತ ದೊಡ್ಡದೊಂದು ಮಾತು ಅದರಲ್ಲಿದೆ. ಒಬ್ಬನೇ ಧಣಿಯ ಐವತ್ತು ಜನ ಹೇಳಿದ ಐವತ್ತು ಉತ್ತರ ಐವತ್ತು ಅಭಿಪ್ರಾಯಗಳಲ್ಲ, ಐವತ್ತು ಸಲ ಬರೆದ ಒಂದೇ ಅಭಿಪ್ರಾಯ. ಸ್ಟ್ಯಾಟಿಸ್ಟಿಕ್ಸಿನ ಬಹುತೇಕ ಸೂತ್ರಗಳು ಒಬ್ಬರ ಉತ್ತರ ಇನ್ನೊಬ್ಬರ ಉತ್ತರದಿಂದ ಸ್ವತಂತ್ರ ಅಂತ ಅಂದುಕೊಂಡೇ ಶುರುವಾಗುತ್ತವೆ. ನನ್ನ ಮಜ್ಜಿಗೆ ಜಗುಲಿಯ ಇಪ್ಪತ್ತೈದು ಫಾರ್ಮಿನ ನಿಜವಾದ ಸ್ಯಾಂಪಲ್ ಗಾತ್ರ ಒಂದು. ಆ ಒಂದರ ಹೆಸರು ಫಾರ್ಮಿನಲ್ಲೇ ಇರಲಿಲ್ಲ.

ಜಾತಿ ಲೆಕ್ಕಕ್ಕೇ ಬರಲ್ಲ ಅಂತ ಅವರು ಹೇಳಿದರು ಅಂದುಕೊಳ್ಳಬೇಡಿ. ಪ್ರಬಲ ಜಾತಿ ಅನ್ನುವ ಪರಿಕಲ್ಪನೆಯೂ ಅವರದೇ, ಅದೂ ಇದೇ ಊರಿಂದ ಹುಟ್ಟಿದ್ದು. ಅಲ್ಲೂ ತಲೆ ಎಣಿಕೆ ಒಂದೇ ಸಾಲದು ಅಂದರು. ಜಮೀನು ಬೇಕು, ಆಡಳಿತದಲ್ಲಿ ಕೈ ಬೇಕು, ಶ್ರೇಣಿಯಲ್ಲಿ ತೀರಾ ಕೆಳಗಿರಬಾರದು. 1951ರಲ್ಲಿ ಬರೋಡಾ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಅವರು 1957ರ ಜನವರಿಯಲ್ಲಿ, ಕಲ್ಕತ್ತಾದ ಸೈನ್ಸ್ ಕಾಂಗ್ರೆಸ್ಸಿನಲ್ಲಿ ಮಾನವಶಾಸ್ತ್ರ ವಿಭಾಗದ ಅಧ್ಯಕ್ಷ ಭಾಷಣ ಮಾಡಿದರು. ಪ್ರಜಾಪ್ರಭುತ್ವ ಜಾತಿಯನ್ನು ಕರಗಿಸುತ್ತಿಲ್ಲ, ಅದಕ್ಕೆ ಹೊಸ ಕೆಲಸ ಕೊಡುತ್ತಿದೆ ಅನ್ನೋದು ಸಾರ. ನೆಹರೂ ಕಾಲದ ಉತ್ಸಾಹದಲ್ಲಿ ಇದು ಅಪಶಕುನ ನುಡಿದ ಹಾಗೆ. ಒಂದು ದೊಡ್ಡ ಇಂಗ್ಲಿಷ್ ಪತ್ರಿಕೆ ಸಂಪಾದಕೀಯದಲ್ಲೇ ಈ ಪ್ರೊಫೆಸರರು ಜಾತಿಯನ್ನು ಅತಿಯಾಗಿ ಉಬ್ಬಿಸುತ್ತಿದ್ದಾರೆ ಅಂತ ಟೀಕಿಸಿತು. ಮುಂದಿನ ಎರಡು ತಿಂಗಳಲ್ಲಿ ಎರಡನೇ ಮಹಾಚುನಾವಣೆ. ಟಿಕೆಟ್ ಹಂಚಿಕೆ, ಪ್ರಚಾರ ನೋಡಿದ ಮೇಲೆ ಉಬ್ಬಿಸಿದ್ದು ಯಾರು ಅನ್ನುವ ಪ್ರಶ್ನೆ ಉಳಿಯಲಿಲ್ಲ.

1959ರಲ್ಲಿ ಡೆಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸಿಗೆ ಹೋಗಿ ಸಮಾಜಶಾಸ್ತ್ರ ವಿಭಾಗ ಕಟ್ಟಿದರು. ಕಟ್ಟುವ ಕೆಲಸ, ಪಾಠ, ಆಡಳಿತ ಅಂತ ರಾಂಪುರದ ದೊಡ್ಡ ಪುಸ್ತಕ ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೆ 1970ರಲ್ಲಿ ಅದನ್ನು ಬರೆದು ಮುಗಿಸಲೆಂದೇ ಅಮೆರಿಕದ ಸ್ಟ್ಯಾನ್‌ಫರ್ಡಿನ ಸಂಶೋಧನಾ ಕೇಂದ್ರಕ್ಕೆ ಹೋದರು. ಹದಿನೆಂಟು ವರ್ಷ ಕೂತು ವಿಂಗಡಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಜೊತೆಯಲ್ಲಿ. ವಿಯೆಟ್ನಾಂ ಯುದ್ಧದ ವಿರುದ್ಧ ಕ್ಯಾಂಪಸ್ಸುಗಳು ಕುದಿಯುತ್ತಿದ್ದ ಕಾಲ ಅದು. ಏಪ್ರಿಲ್ 24ರಂದು ಯಾರೋ ಆ ಕೇಂದ್ರಕ್ಕೆ ಬೆಂಕಿ ಇಟ್ಟರು. ಶ್ರೀನಿವಾಸರ ಕೋಣೆ ಸುಟ್ಟಿತು. ಮೂರು ಪ್ರತಿಯೂ ಹೋಯಿತು.

ಮೂರು ಬ್ಯಾಕಪ್ ಒಂದೇ ರೂಮಿನಲ್ಲಿಟ್ಟರೆ ಅದು ಒಂದೇ ಬ್ಯಾಕಪ್ ಅಂತ ನನ್ನೊಳಗಿನ ಎಂಜಿನಿಯರ್ ಗೊಣಗುತ್ತಾನೆ. ಇದೂ ಸ್ವತಂತ್ರ ಘಟನೆಗಳ ಲೆಕ್ಕವೇ. ಆದರೆ ಆ ಬೆಳಗ್ಗೆ ಆ ಮನುಷ್ಯನಿಗೆ ಏನಾಗಿರಬಹುದು ಅಂತ ಯೋಚಿಸಿದರೆ ಗೊಣಗಾಟ ನಿಲ್ಲುತ್ತೆ. ಐವತ್ತಮೂರು ವರ್ಷ. ಮೂಲ ಡೈರಿಗಳು ದೆಹಲಿಯಲ್ಲಿ ಉಳಿದಿದ್ದವು ನಿಜ, ಆದರೆ ಹದಿನೆಂಟು ವರ್ಷದ ವಿಂಗಡಣೆ ಇರಲಿಲ್ಲ. ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್, ನೆನಪಿನಿಂದಲೇ ಬರೆಯಿರಿ ಅಂತ ಹುರಿದುಂಬಿಸಿದರು. ಹಾಗೆ ಬಂದದ್ದು 1976ರ ದಿ ರಿಮೆಂಬರ್ಡ್ ವಿಲೇಜ್. ಟೇಬಲ್ಲುಗಳ ಬದಲು ಮನುಷ್ಯರಿರುವ ಪುಸ್ತಕ.

ಆ ಹೊತ್ತಿಗೆ ಅವರು ಕರ್ನಾಟಕಕ್ಕೆ ಮರಳಿದ್ದರು. 1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ ಬೆಂಗಳೂರಿನ ಐಸೆಕ್ ಸಂಸ್ಥೆ ಸೇರಿದರು. 1977ರಲ್ಲಿ ಪದ್ಮಭೂಷಣ ಬಂತು.

ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಒಪ್ಪಿಕೊಳ್ಳುವಿಕೆ. ಪಟೇಲರ ಮನೆಯಲ್ಲಿ ಉಳಿದು, ಪಟೇಲರ ಬಳಗದ ಜೊತೆ ಓಡಾಡಿ ತಾನು ಕಂಡಿದ್ದು ಹೆಚ್ಚಾಗಿ ಮೇಲಿನವರ ಹಳ್ಳಿ, ದಲಿತರ ಕೇರಿಗೆ ಮತ್ತು ಮುಸ್ಲಿಮರ ಬಳಿಗೆ ಬೇಕಾದಷ್ಟು ಹೋಗಲಾಗಲಿಲ್ಲ ಅಂತ ಅವರೇ ಬರೆಯುತ್ತಾರೆ. ಹೋದರೆ ಪಟೇಲರಿಗೆ ಇರಿಸುಮುರಿಸು; ಹೋದರೂ, ಪಟೇಲರ ಅತಿಥಿಯಾದ ಅಯ್ಯಂಗಾರರ ಮುಂದೆ ಜೀತದಾಳು ಎಷ್ಟು ಬಾಯಿ ಬಿಟ್ಟಾನು? ಒಪ್ಪಿಕೊಂಡದ್ದಕ್ಕೆ ಅವರನ್ನು ಮೆಚ್ಚಬಹುದು, ನಾನಂತೂ ಮೆಚ್ಚುತ್ತೇನೆ. ಆದರೆ ಒಪ್ಪಿಕೊಂಡ ಮಾತ್ರಕ್ಕೆ ಕಾಣದೇ ಹೋದ ಹಳ್ಳಿ ಕಂಡಂತಾಗಲ್ಲ. ಹೊಲಗೇರಿಯ ಕಡೆಯಿಂದ ಬರೆದಿದ್ದರೆ 1948ರ ರಾಂಪುರ ಬೇರೆಯೇ ಊರಾಗಿರುತ್ತಿತ್ತು. ಅವರ ಹಳ್ಳಿಗೆ ಒಂದು ಷರತ್ತು ಇತ್ತು, ಪಟೇಲರ ಜಗುಲಿಯಿಂದ ನೋಡಿದರೆ ಅನ್ನುವ ಷರತ್ತು.

ಶ್ರೀನಿವಾಸ್ 1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಹೋದ ಮೇಲೆ, 2003ರಲ್ಲಿ ಇಪಿಡಬ್ಲ್ಯುನಲ್ಲಿ ಅವರ ಒಂದು ಲೇಖನ ಬಂತು. ಜಾತಿ ಒಂದು ವ್ಯವಸ್ಥೆಯಾಗಿ ಸಾಯುತ್ತಿದೆ, ಬಿಡಿಬಿಡಿ ಜಾತಿಗಳು ಮಾತ್ರ ಬಲಿಯುತ್ತಿವೆ ಅನ್ನುವುದು ಅದರ ವಾದ. ಕಸುಬಿಗೂ ಜಾತಿಗೂ ಇದ್ದ ಗಂಟು ಹಳ್ಳಿಯಲ್ಲಿ ಸಡಿಲವಾಗುತ್ತಿದೆ. ಆ ಗಂಟು ಹಾಕುತ್ತಿದ್ದ ಧಾನ್ಯದ ಲೆಕ್ಕ, ಹಳ್ಳಿಯೊಳಗಿನ ಉತ್ಪಾದನೆ ಮುರಿಯುತ್ತಿದೆ. ನನ್ನ ಭಾಷೆಯಲ್ಲಿ, ಒಂದು ಜೋಡಿ ಕಾಲಂಗಳು ಸ್ವತಂತ್ರದ ಕಡೆ ಜರುಗುತ್ತಿವೆ, ಇನ್ನೊಂದು ಜೋಡಿ ಬಿಗಿಯಾಗುತ್ತಿದೆ. ಯಾವುದು ಎಷ್ಟು ಅನ್ನೋದನ್ನು ಅಳೆಯದೆ ಜಾತಿ ಇದೆ, ಜಾತಿ ಇಲ್ಲ ಅಂತ ಕೂಗಾಡಿ ಉಪಯೋಗ ಇಲ್ಲ.

ಈಗ ನಂಜನಗೂಡಿಗೆ ಬನ್ನಿ. ವಿ. ಶ್ರೀನಿವಾಸ ಪ್ರಸಾದ್ ರಾಜೀನಾಮೆಯಿಂದ 2017ರ ಏಪ್ರಿಲ್‌ನಲ್ಲಿ ಉಪಚುನಾವಣೆ ಆದಾಗ ಕಾಂಗ್ರೆಸ್ಸಿನ ಕಳಲೆ ಕೇಶವಮೂರ್ತಿ ಗೆದ್ದರು, ಅಂತರ ಸುಮಾರು 21 ಸಾವಿರ. ಹದಿಮೂರೇ ತಿಂಗಳು ಕಳೆದು 2018ರ ಮೇನಲ್ಲಿ ಬಿಜೆಪಿಯ ಹರ್ಷವರ್ಧನ್ ಗೆದ್ದರು. 2023ರಲ್ಲಿ ಕಾಂಗ್ರೆಸ್ಸಿನ ದರ್ಶನ್ ಧ್ರುವನಾರಾಯಣ. ಪಕ್ಕದ ತಿ. ನರಸೀಪುರದಲ್ಲಿ 2018ರಲ್ಲಿ ಎಚ್.ಸಿ. ಮಹದೇವಪ್ಪ ಜೆಡಿಎಸ್‌ನ ಅಶ್ವಿನ್ ಕುಮಾರ್ ಎದುರು ಸೋತು, 2023ರಲ್ಲಿ ಗೆದ್ದರು. ಪ್ರತಿ ಸಲವೂ ಫಲಿತಾಂಶದ ಸಂಜೆ ಜಾತಿ ಲೆಕ್ಕಾಚಾರವೇ ಕಾರಣ ಅಂತ ವಿಶ್ಲೇಷಣೆ ಬಂತು, ನಾನೂ ಒಂದೆರಡು ಬರೆದೆ. ಹದಿಮೂರು ತಿಂಗಳಲ್ಲಿ ಒಂದು ಕ್ಷೇತ್ರದ ಜಾತಿಗಳ ಪಾಲು ಬದಲಾಗುತ್ತಾ? ಬದಲಾಗದ ಒಂದು ಸಂಖ್ಯೆ ಬದಲಾದ ಫಲಿತಾಂಶವನ್ನು ತಾನೊಂದೇ ಹೇಗೆ ವಿವರಿಸುತ್ತೆ? ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳು ಬೇರೆ, ಕಣದಲ್ಲಿ ಇರುವವರೆಲ್ಲ ಪರಿಶಿಷ್ಟ ಜಾತಿಯವರೇ. ಆ ಷರತ್ತು ಮೊದಲೇ ಹಾಕಿ ಆಗಿದೆ. ಎಡಗೈ ಬಲಗೈ ಲೆಕ್ಕ ಹೇಳ್ತೀರಿ, ಸರಿ, ಆದರೆ ಅದೂ ಹದಿಮೂರು ತಿಂಗಳಲ್ಲಿ ಬದಲಾಗಲ್ಲ. ಬದಲಾಗೋದು ಸಮುದಾಯದ ಒಳಗಿನ ಮನಸ್ಸು, ಅಭ್ಯರ್ಥಿ, ದುಡ್ಡು, ಬೂತಿನ ಮುಖಂಡ ಯಾರ ಕಡೆ ವಾಲಿದ ಅನ್ನೋದು. ಧಣಿಗಳು ಇಂದು ಪಟೇಲರೇ ಆಗಿರಬೇಕಿಲ್ಲ. ಮೈಕ್ರೋಫೈನಾನ್ಸ್ ಗುಂಪಿನ ಕಂತು ವಸೂಲಿ ಮಾಡುವವರು ಇರಬಹುದು, ಕೈಗಾರಿಕಾ ಪ್ರದೇಶಕ್ಕೆ ಆಳು ಕಳಿಸುವ ಲೇಬರ್ ಕಂಟ್ರಾಕ್ಟರ್ ಇರಬಹುದು. ಆ ಕಾಲಂ ನಮ್ಮ ಹತ್ತಿರ ಇಲ್ಲ, ಜಾತಿಯ ಕಾಲಂ ಇದೆ. ಇರೋದನ್ನೇ ಹಿಂಡ್ತೀವಿ.

2023ರ ಚುನಾವಣೆಗೆ ಮುಂಚೆ ಮತ್ತೆ ಫಾರ್ಮ್ ಹಿಡಿದು ಹೋದೆ, ಈ ಸಲ ನನ್ನದೇ ವರದಿಗೆ. ಫಾರ್ಮಿನ ಕೊನೆಗೆ ಎರಡು ಪ್ರಶ್ನೆ ಸೇರಿಸಿದ್ದೆ: ನಿಮಗೆ ದುಡ್ಡಿನ ತುರ್ತು ಬಂದರೆ ಮೊದಲು ಯಾರ ಹತ್ತಿರ ಹೋಗ್ತೀರಿ, ಮತ್ತು ನಾನೇ ತುಂಬಬೇಕಾದ್ದು, ಉತ್ತರ ಹೇಳುವಾಗ ಪಕ್ಕದಲ್ಲಿ ಯಾರಿದ್ದರು. ಹಳೇ ಊರಿಗೂ ಹೋಗಿದ್ದೆ. ಮಾಜಿ ಸದಸ್ಯರು ಗುರುತು ಹಿಡಿದು ಜಗುಲಿಗೆ ಕರೆದರು. ಮಜ್ಜಿಗೆ ಕುಡಿದೆ, ಅವರ ಫಾರ್ಮ್ ಒಂದನ್ನೇ ತುಂಬಿಸಿಕೊಂಡೆ, ಹೊತ್ತು ಇಳಿಯಲಿ ಅಂತ ಕಾದು ಗದ್ದೆ ಕಡೆಗೆ ನಡೆದೆ. ಕತ್ತಲಾಗುವವರೆಗೆ ಆಗಿದ್ದು ಒಂಬತ್ತು ಫಾರ್ಮ್. ಅದರಲ್ಲಿ ನಾಲ್ಕು ಜನ ಯಾರಿಗೆ ವೋಟು ಅಂತ ಹೇಳಲಿಲ್ಲ, ಆದರೆ ದುಡ್ಡಿಗೆ ಯಾರ ಹತ್ತಿರ ಹೋಗ್ತೀವಿ ಅನ್ನೋದನ್ನು ಒಂಬತ್ತೂ ಜನ ಹೇಳಿದರು.